ಕುಂಬಳೆ ಪ್ಲಾಟ್‌ಫಾರ್ಮಿನಲ್ಲಿ ಕೂತು ರೈಲು ಬರೆದುಕೊಳ್ಳುವವರಿಗೆ: ನೋಟ್‌ಬುಕ್ಕಿನಲ್ಲಿ ಎಂತೆಂತ ಇರಬೇಕು?

ಶಿರಿಯದ ಹುಡುಗ
ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ಕುಂಬಳೆ ಸ್ಟೇಶನ್ನಿನಲ್ಲಿ ಕೂತು ಹೋಗುವ ಬರುವ ಗಾಡಿಗಳನ್ನೆಲ್ಲ ಬರೆದಿಡಬೇಕು ಅಂತ ಆಸೆ. ಈಗ ಬರೆಯುವುದು ರೈಲಿನ ಹೆಸರು, ಬಂದ ಗಂಟೆ, ಇಷ್ಟೇ. ಅದಂತೂ ಮೊಬೈಲಿನಲ್ಲೇ ಸಿಗ್ತದೆ, ಬರೆದು ಎಂತ ಪ್ರಯೋಜನ? ಇಂಜಿನ್ ನಂಬ್ರ, ಡಬ್ಬಿ ನಂಬ್ರ ಅಂತ ಹೊರಟರೆ ಗೂಡ್ಸ್ ಬಂದಾಗ ಕಣ್ಣು ತಿರುಗುವಷ್ಟು ಅಂಕೆ. ಯಾವುದನ್ನು ಬರೆಯುವುದು, ಯಾವುದನ್ನು ಬಿಡುವುದು? ಗೊತ್ತಿದ್ದವರು ಹೇಳಿ.

ಬದಿಯಡ್ಕ ಮಾಷ್ಟ್ರು
ಪ್ರಶ್ನೆಯಲ್ಲೇ ಉತ್ತರ ಉಂಟಲ್ಲ ಮಾರಾಯ. ಮೊಬೈಲಿನಲ್ಲಿ ಸಿಗುವುದನ್ನು ಬಿಡು, ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಮಾತ್ರ ಕಾಣುವುದನ್ನು ಬರೆ. ಇಂಜಿನ್ ನಂಬ್ರ ಮತ್ತು ಶೆಡ್ (ಆ ಇಂಜಿನನ್ನು ನೋಡಿಕೊಳ್ಳುವ ಜಾಗ), ಗಾಡಿಯ ಡಬ್ಬಿ ಹೊಸ ಮಾದರಿಯ ಎಲ್‌ಎಚ್‌ಬಿಯೋ ಹಳೆ ಮಾದರಿಯ ಐಸಿಎಫೋ, ಡಬ್ಬಿ ಎಷ್ಟು, ಯಾವ ಲೈನಿನಲ್ಲಿ ಬಂತು (ನೇರ ಹೋಗುವ ಮೈನೋ, ಬದಿಗೆ ಕವಲೊಡೆದ ಲೂಪೋ), ತೆಂಕಕ್ಕೋ ಬಡಗಕ್ಕೋ, ಕೊನೆಯಲ್ಲಿ ಎಲ್‌ವಿ (ಲಾಸ್ಟ್ ವೆಹಿಕಲ್, ಕೊನೆಯ ಡಬ್ಬಿ) ಬೋರ್ಡು ಇತ್ತೋ ಇಲ್ಲವೋ. ರೈಲಿನ ಹೆಸರು ಬೇಡ, ಐದಂಕಿಯ ನಂಬ್ರ ಸಾಕು. 16650 ಅಂತ ಬರೆದರೆ ಪರಶುರಾಮ್ ಅಂತಲೂ ಗೊತ್ತಾಯ್ತು, ಯಾವ ಕಡೆಗೆ ಅಂತಲೂ ಗೊತ್ತಾಯ್ತು. ನಂಬ್ರ 0ಯಿಂದ ಶುರುವಾದರೆ ಸ್ಪೆಷಲ್, 1 ಮತ್ತು 2 ದೂರದ ಎಕ್ಸ್‌ಪ್ರೆಸ್, 5 ಇಂಜಿನ್ ಎಳೆಯುವ ಪ್ಯಾಸೆಂಜರ್, 6 ಮೆಮು (ಬೇರೆ ಇಂಜಿನ್ ಇಲ್ಲದ ಕರೆಂಟಿನ ಗಾಡಿ), 7 ಡೆಮು (ಅಂಥದ್ದೇ ಡೀಸೆಲಿನದ್ದು).

ಇಂಜಿನ್ ನಂಬ್ರಕ್ಕೂ ಒಂದು ಲೆಕ್ಕ ಉಂಟು. 22 ಸಾವಿರದ ಸರಣಿ ವ್ಯಾಪ್-4, ಪ್ರಯಾಣಿಕರ ಗಾಡಿ ಎಳೆಯುವ ಕರೆಂಟಿನ ಇಂಜಿನ್. 30201ರಿಂದ ಶುರುವಾದದ್ದು ವ್ಯಾಪ್-7, ಆ ಸರಣಿ ಮುಗಿದ ಮೇಲೆ 37, 39 ಸಾವಿರಕ್ಕೆ ಹೋಗಿದೆ. 31 ಸಾವಿರದ್ದು ವ್ಯಾಗ್-9, ಗೂಡ್ಸಿನದ್ದು. ನಂಬ್ರದ ಹತ್ತಿರವೇ ಶೆಡ್ಡಿನ ಅಕ್ಷರ ಇರ್ತದೆ: ಇಡಿ ಅಂದರೆ ಈರೋಡ್, ಆರ್‌ಪಿಎಂ ರಾಯಪುರಂ, ಎಜೆಜೆ ಅರಕ್ಕೋಣಂ, ಕೆಜೆಎಂ ಕೃಷ್ಣರಾಜಪುರ, ಯುಬಿಎಲ್ ಹುಬ್ಬಳ್ಳಿ. ಒಂದು ವರ್ಷ ಇದನ್ನು ಬರೆದರೆ ಯಾವ ಗಾಡಿಗೆ ಯಾವ ಶೆಡ್ಡಿನ ಇಂಜಿನ್ ಕಾಯಂ, ಯಾವಾಗ ಬದಲಿ ಬಂತು ಅಂತ ಕಣ್ಣಿಗೆ ಕಾಣ್ತದೆ. ಅದು ಯಾವ ಆ್ಯಪಿನಲ್ಲೂ ಇಲ್ಲ.

ಡಬಲ್ ಹಳದಿ
ಗಂಟೆ ಬರೆಯಲೇಬೇಕು ಮಾಷ್ಟ್ರೆ, ಅದನ್ನು ಬಿಡಿಸಬೇಡಿ. ಆದರೆ ಯಾವ ಗಂಟೆ ಅಂತ ಮೊದಲೇ ತೀರ್ಮಾನ ಆಗಬೇಕು. ನಿಲ್ಲುವ ಗಾಡಿಗೆ ಚಕ್ರ ನಿಂತದ್ದು ಒಂದು, ಚಕ್ರ ತಿರುಗಿದ್ದು ಇನ್ನೊಂದು. ನಿಲ್ಲದೆ ಹೋಗುವ ಗಾಡಿಗೆ ಇಂಜಿನಿನ ಮೂಗು ಒಂದೇ ಜಾಗ ದಾಟಿದ ಹೊತ್ತು, ಸ್ಟೇಶನ್ ಮಾಸ್ಟರ್ ರೂಮಿನ ಎದುರು ಅಂತ ಇಟ್ಟುಕೊಂಡರೆ ಸಾಕು. ಒಮ್ಮೆ ಇಂಜಿನ್, ಇನ್ನೊಮ್ಮೆ ಗಾರ್ಡಿನ ಡಬ್ಬಿ ಅಂತ ಬರೆದರೆ ಉದ್ದದ ಗೂಡ್ಸಿನಲ್ಲಿ ಒಂದೂವರೆ ನಿಮಿಷ ವ್ಯತ್ಯಾಸ ಬರ್ತದೆ. ಆಮೇಲೆ ಕೂಡಿಸಿ ಕಳೆದರೆ ಎಲ್ಲ ಗೊಂದಲ.

ಶಿರಿಯದ ಹುಡುಗ
ಸರಿ ಅಣ್ಣ. ವ್ಯಾಪ್-4, ವ್ಯಾಪ್-7 ಎರಡೂ ದೂರದಿಂದ ಒಂದೇ ಥರ ಕಾಣ್ತದಲ್ಲ? ಕತ್ತಲೆಗೆ ನಂಬ್ರವೂ ಕಾಣುವುದಿಲ್ಲ.

ನೀಲೇಶ್ವರ ಲೋಕಲ್
ಕಣ್ಣು ಬಿಡು, ಕಿವಿ ಇಡು. ವ್ಯಾಪ್-4ರಲ್ಲಿ ಟ್ಯಾಪ್ ಚೇಂಜರ್, ಅಂದರೆ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಸ್ವಿಚ್ಚು, 32 ನಾಚ್ (ಮೆಟ್ಟಿಲು). ಹೊರಡುವಾಗ ಒಂದೊಂದೇ ನಾಚ್ ಏರುವುದು ಹತ್ತಿರ ನಿಂತರೆ ಕೇಳ್ತದೆ, ತಂಪು ಮಾಡುವ ಬ್ಲೋವರಿನ ಶಬ್ದ ಗಾಡಿ ನಿಂತಿರುವಾಗಲೂ ಜೋರು. ವ್ಯಾಪ್-7 ಮೂರು ಫೇಸ್ ಮೋಟರಿನದ್ದು. ಹೊರಡುವಾಗ ಮೋಟರಿಗೆ ಕರೆಂಟು ಮಾರ್ಪಡಿಸಿ ಕೊಡುವ ಕನ್ವರ್ಟರ್ ರಾಗ ಎಳೆದ ಹಾಗೆ ಸ್ವರ ಮೇಲಕ್ಕೆ ಹೋಗ್ತದೆ. ಶಕ್ತಿಯೂ ಬೇರೆ: ವ್ಯಾಪ್-4 5350 ಅಶ್ವಶಕ್ತಿ, ವ್ಯಾಪ್-7 6350.

ಇನ್ನೊಂದು ಗುರ್ತ ಉಂಟು. ಎಲ್‌ಎಚ್‌ಬಿ ಗಾಡಿಯ ಜನರೇಟರ್ ಡಬ್ಬಿ ಎದುರು ನಿಂತು ನೋಡು. ಡೀಸೆಲ್ ಗಡಗಡ ಅಂತ ಕಿವಿ ಒಡೆಯುವಷ್ಟು ಇದ್ದರೆ ಡಬ್ಬಿಗಳ ಕರೆಂಟು ಅಲ್ಲಿಂದ. ಜನರೇಟರ್ ಡಬ್ಬಿ ತಣ್ಣಗೆ ಉಂಟು, ಒಳಗೆ ಎಸಿ ಓಡ್ತಾ ಉಂಟು ಅಂತಾದರೆ ಇಂಜಿನ್ನೇ ಕೊಡುವುದು, ಇದಕ್ಕೆ ಎಚ್‌ಒಜಿ (ಹೆಡ್ ಆನ್ ಜನರೇಶನ್) ಅಂತ ಹೆಸರು. ವ್ಯಾಪ್-4ಕ್ಕೆ ಆ ವ್ಯವಸ್ಥೆ ಇಲ್ಲ, ಹಾಗಾಗಿ ಮುಂದೆ ಇರುವುದು ಹೆಚ್ಚುಕಡಿಮೆ ವ್ಯಾಪ್-7 ಅಂತಲೇ ಲೆಕ್ಕ.

ಬದಿಯಡ್ಕ ಮಾಷ್ಟ್ರು
ಕಿವಿಯಲ್ಲಿ ಕೇಳಿ ಬರೆದದ್ದಕ್ಕೆ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕು. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಎರಡನ್ನೂ ಒಂದೇ ಶಾಯಿಯಲ್ಲಿ ಬರೆದರೆ ಆರು ತಿಂಗಳ ನಂತರ ನಿನಗೇ ಗೊತ್ತಾಗುವುದಿಲ್ಲ.

ಉಪ್ಪಳ ಗೇಟು
ಶಾಯಿ ಅಂದ್ರಲ್ಲ, ಮಳೆಗಾಲದಲ್ಲಿ ಬಾಲ್‌ಪೆನ್ ಚಂಡಿ ಕಾಗದದ ಮೇಲೆ ಹೋಗುವುದಿಲ್ಲ ಮಾಷ್ಟ್ರೆ. ಪೆನ್ಸಿಲೇ ಸೈ. 2ಬಿ ತೆಗೆದುಕೊಳ್ಳಿ, ಎಚ್‌ಬಿ ಮಸುಕು. ಮತ್ತೆ ಗೋಳಿಬಜೆ ತಿಂದ ಕೈಯಲ್ಲಿ ನೋಟ್‌ಬುಕ್ ಮುಟ್ಟಬಾರದು, ಎಣ್ಣೆ ಹಿಡಿದಲ್ಲಿ ಪೆನ್ಸಿಲೂ ಕೂರುವುದಿಲ್ಲ. 😄

ಕ್ಯಾಮೆರಾ ಅಕ್ಕ
ಗೋಳಿಬಜೆ ಬಿಟ್ಟು ಬರೆಯುವುದು ಅಂತ ಮಾತ್ರ ಹೇಳಬೇಡಿ, ಯಾರೂ ಬರಲಿಕ್ಕಿಲ್ಲ.

ಹುಡುಗ, ಎಲ್ಲವನ್ನೂ ಅಲ್ಲಿಯೇ ಬರೆಯಬೇಕಂತ ಇಲ್ಲ. ಓಡುವ ಗಾಡಿಯ ನಂಬ್ರ ಫೋಟೊದಲ್ಲಿ ಹಿಡಿ, ಆಮೇಲೆ ಓದು. ಎದುರಿನಿಂದ ಬರುವ ಇಂಜಿನಿಗೆ ಶಟರ್ 1/500 ಸೆಕೆಂಡ್ ಸಾಕು. ಪಕ್ಕದಿಂದ ದಾಟುವ ಡಬ್ಬಿಯ ನಂಬ್ರ ಓದಬೇಕಾದರೆ 1/1000ಕ್ಕಿಂತ ಕಡಿಮೆ ಆಗಬಾರದು, 1/2000 ಆದರೆ ಒಳ್ಳೆಯದು. ಯಾಕೆ ಅಂದರೆ ಗಂಟೆಗೆ 110 ಕಿ.ಮೀ. ಅಂದರೆ ಸೆಕೆಂಡಿಗೆ 30 ಮೀಟರಿಗಿಂತ ಹೆಚ್ಚು. 1/500ರಲ್ಲಿ ಡಬ್ಬಿ 6 ಸೆಂ.ಮೀ. ಜಾರಿರ್ತದೆ, ಅಂಕೆಯ ಗೀಟುಗಳು ಒಂದರ ಮೇಲೊಂದು ಕೂತು 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ.

ಆದರೆ ಎಲ್‌ಇಡಿ ಬೋರ್ಡಿಗೆ ಇದು ಉಲ್ಟಾ. ವಂದೇ ಭಾರತಿನ ಮುಖದ ಬೋರ್ಡು, ಡಬ್ಬಿಯ ಪಕ್ಕದ ಬೋರ್ಡು ಕಣ್ಣಿಗೆ ಕಾಣದ ಹಾಗೆ ಮಿಣುಕ್ತಾ ಇರ್ತದೆ. ಶಟರ್ ವೇಗ ಜಾಸ್ತಿ ಆದರೆ ಅರ್ಧ ಅಕ್ಷರವೇ ಬರುವುದು. ಅದಕ್ಕೆ 1/100 ಅಥವಾ ಇನ್ನೂ ನಿಧಾನ, ಗಾಡಿ ನಿಂತಿರುವಾಗ ತೆಗೆಯಬೇಕು.

ಬೆಳಕಿನ ವಿಷಯ. ನಮ್ಮ ಲೈನು ತೆಂಕು ಬಡಗು ಓಡುವುದು, ಕಡಲು ಪಡುವಿಗೆ. ಬೆಳಿಗ್ಗೆ ಮೂಡುಬದಿಯಲ್ಲಿ ನಿಲ್ಲು, ಸಂಜೆ ಪಡುಬದಿಯ ಪ್ಲಾಟ್‌ಫಾರ್ಮಿನಲ್ಲಿ. ಆಗ ಸೂರ್ಯ ಬೆನ್ನ ಹಿಂದೆ, ಬೆಳಕು ಡಬ್ಬಿಯ ಮೇಲೆ. ಸಂಜೆ ಮೂಡುಬದಿಯಲ್ಲಿ ನಿಂತರೆ ಚಂದದ ನೆರಳುಚಿತ್ರ ಸಿಗ್ತದೆ, ನಂಬ್ರ ಒಂದೂ ಸಿಗುವುದಿಲ್ಲ.

ಉಪ್ಪಳ ಗೇಟು
ಅಕ್ಕ, ಕಡಲ ಗಾಳಿಗೆ ಲೆನ್ಸ್ ಅಂಟಂಟು ಆಗ್ತದಲ್ಲ, ಎಂತ ಮಾಡುವುದು?

ಕ್ಯಾಮೆರಾ ಅಕ್ಕ
ಮೊದಲು ಬ್ಲೋವರಿನಲ್ಲಿ ಊದಬೇಕು, ಆಮೇಲೆ ಬಟ್ಟೆ. ಉಪ್ಪಿನ ಕಣ, ಹೊಯ್ಗೆ ಇರುವಾಗಲೇ ಒರೆಸಿದರೆ ಗೀರು ಬೀಳ್ತದೆ. ಅಂಗಿಯ ತುದಿಯಲ್ಲಿ ಒರೆಸುವವರನ್ನು ಕಂಡರೆ ನನಗೆ ಸಿಟ್ಟು ಬರ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಬಣ್ಣ ಬದಲಾದ ಮೇಲೆ ಬಿಸಿ ಮಾಡಿ ಒಣಗಿಸಿ ಪುನಃ ಬಳಸಬಹುದು. ಕಪಾಟಿನಲ್ಲಿ ಬಟ್ಟೆಯ ಜೊತೆ ಇಟ್ಟರೆ ಜೂನ್‌ನಲ್ಲಿ ಇಟ್ಟ ಲೆನ್ಸಿಗೆ ಅಗಸ್ಟ್‌ಗೆ ಬೂಸ್ಟು.

ಪಡುಗಡಲು
ಡಬ್ಬಿ ಎಣಿಸುವಾಗ ಕೊನೆಯ ಡಬ್ಬಿಯ ಹಿಂದೆ ದೊಡ್ಡ ಎಕ್ಸ್ ಗುರ್ತ ಉಂಟಾ ನೋಡಿದರಾಯ್ತು. ಎಕ್ಸ್ ಉಂಟು ಅಂದರೆ ಗಾಡಿ ಪೂರ್ತಿ ಬಂತು ಅಂತ.

ಡಬಲ್ ಹಳದಿ
ಅಲ್ಲ ಮಾರಾಯ್ರೆ, ಇದು ಎಲ್ಲರೂ ಹೇಳುವ ತಪ್ಪು. ಎಕ್ಸ್ ಡಬ್ಬಿಗೆ ಬಳಿದ ಬಣ್ಣ. ಆ ಡಬ್ಬಿಯನ್ನು ನಾಳೆ ಗಾಡಿಯ ನಡುವೆ ಸಿಕ್ಕಿಸಿದರೂ ಎಕ್ಸ್ ಅಲ್ಲೇ ಇರ್ತದೆ. ಗಾಡಿ ಪೂರ್ತಿ ಬಂತು ಅಂತ ಹೇಳುವುದು ಎಲ್‌ವಿ ಬೋರ್ಡು, ರಾತ್ರಿಯಾದರೆ ಮಿನುಗುವ ಕೆಂಪು ದೀಪ. ಅದನ್ನು ಆಯಾ ಪ್ರಯಾಣಕ್ಕೆ ಕೊನೆಯ ಡಬ್ಬಿಗೇ ತೂಗುಹಾಕುವುದು, ಕೊನೆಯ ಡಬ್ಬಿ ಬದಲಾದರೆ ಬೋರ್ಡೂ ಅಲ್ಲಿಗೆ ಹೋಗ್ತದೆ.

ಅದನ್ನು ನೋಡದೆ ಸ್ಟೇಶನ್ ಮಾಸ್ಟರ್ ಹಿಂದಿನ ಸ್ಟೇಶನ್ನಿಗೆ ಲೈನ್ ಖಾಲಿ ಅಂತ ಹೇಳುವ ಹಾಗಿಲ್ಲ. ನಡುದಾರಿಯಲ್ಲಿ ಡಬ್ಬಿ ಜೋಡಿಸುವ ಕಪ್ಲಿಂಗ್ ಬಿಟ್ಟು ನಾಲ್ಕು ವ್ಯಾಗನ್ ಹಿಂದೆ ಉಳಿದಿದ್ದರೆ? ಈಗ ಆಕ್ಸಲ್ ಕೌಂಟರ್ ಬಂದ ಕಡೆ ಯಂತ್ರವೇ ಲೆಕ್ಕ ಹಾಕ್ತದೆ: ಒಳಗೆ ಹೋದ ಆಕ್ಸಲ್ (ಚಕ್ರದ ಅಚ್ಚು) ಎಷ್ಟೋ ಅಷ್ಟೇ ಹೊರಗೆ ಬರಬೇಕು. ಒಂದು ಕಡಿಮೆ ಬಿದ್ದರೂ ಸೆಕ್ಷನ್ ಖಾಲಿ ತೋರಿಸುವುದಿಲ್ಲ.

ಪಡುಗಡಲು
ಓಹೋ. ಹಾಗಾದರೆ ಎಕ್ಸ್ ಬಳಿಯುವುದು ಯಾಕೆ?

ಡಬಲ್ ಹಳದಿ
ದೂರದಿಂದ ಕಣ್ಣಿಗೆ ಬೇಗ ಬೀಳ್ಲಿಕ್ಕೆ. ಸಹಾಯಕ್ಕೆ ಉಂಟು, ಸಾಕ್ಷಿಗೆ ಇಲ್ಲ.

ಶಿರಿಯದ ಹುಡುಗ
ಡಬ್ಬಿಯ ಮೇಲೆ ಎಲ್‌ಡಬ್ಲ್ಯೂಎಸ್‌ಸಿಎನ್ ಅಂತೆಲ್ಲ ಬರೆದಿರ್ತದಲ್ಲ, ಅದು ಬೇಕಾ?

ನೀಲೇಶ್ವರ ಲೋಕಲ್
ಅಭ್ಯಾಸ ಆದರೆ ಎಣಿಸುವ ಕೆಲಸವೇ ಸುಲಭ. ಮೊದಲ ಎಲ್ ಅಂದರೆ ಎಲ್‌ಎಚ್‌ಬಿ. ಡಬ್ಲ್ಯೂ ಅಂದರೆ ಡಬ್ಬಿಯಿಂದ ಡಬ್ಬಿಗೆ ನಡೆದು ಹೋಗುವ ವೆಸ್ಟಿಬ್ಯೂಲ್ ಉಂಟು ಅಂತ. ಎಸ್‌ಸಿಎನ್ ಸ್ಲೀಪರ್, ಎಸಿಸಿಎನ್ ತ್ರೀ ಟಯರ್ ಎಸಿ, ಎಸಿಸಿಡಬ್ಲ್ಯೂ ಟೂ ಟಯರ್ ಎಸಿ. ಹಳೆ ಐಸಿಎಫಿನಲ್ಲಿ ಮುಂದೆ ಜಿ ಕಂಡರೆ ಆ ಡಬ್ಬಿ ಚಕ್ರದ ತಿರುಗಾಟದಿಂದ ತನ್ನ ಕರೆಂಟು ತಾನೇ ಮಾಡಿಕೊಳ್ಳುವಂಥದ್ದು.

ನಂಬ್ರದ ಮೊದಲ ಎರಡಂಕಿ ಡಬ್ಬಿ ಕಟ್ಟಿದ ವರ್ಷ. ಐಸಿಎಫಿನ ಐದಂಕಿ ನಂಬ್ರದಲ್ಲಿ ಕೊನೆಯ ಮೂರಂಕಿ ಯಾವ ಜಾತಿಯ ಡಬ್ಬಿ ಅಂತ ಹೇಳ್ತದೆ: 201ರಿಂದ 400ರೊಳಗೆ ಸ್ಲೀಪರ್, 401ರಿಂದ 600 ಜನರಲ್. ಹಾಗಾಗಿ 05231 ಅಂದರೆ 2005ರ ಸ್ಲೀಪರ್. ಪೂರಾ ಗಾಡಿಯ ನಂಬ್ರ ಬರೆಯಲಿಕ್ಕೆ ಹೋಗಬೇಡ, ನಿಂತದ್ದು ಎರಡು ನಿಮಿಷ ಆದರೆ ಮುಗಿಯುವುದಿಲ್ಲ. ಒಂದು ತುದಿಯ ಎಸ್‌ಎಲ್‌ಆರ್ (ಗಾರ್ಡ್, ಲಗೇಜಿನ ಡಬ್ಬಿ) ಅಥವಾ ಜನರೇಟರ್ ಡಬ್ಬಿಯ ನಂಬ್ರ ಬರೆ. ಅದೇ ಡಬ್ಬಿ ಎಷ್ಟು ದಿನಕ್ಕೊಮ್ಮೆ ತಿರುಗಿ ಬರ್ತದೆ ಅಂತ ನೋಡಿದರೆ ಆ ಗಾಡಿಗೆ ಎಷ್ಟು ರೇಕ್ (ಡಬ್ಬಿಗಳ ಪೂರ್ತಿ ಸೆಟ್) ಉಂಟು ಅಂತ ಅಂದಾಜು ಸಿಗ್ತದೆ.

ಉಪ್ಪಳ ಗೇಟು
ಐಸಿಎಫ್ ಎಲ್‌ಎಚ್‌ಬಿ ಗೊತ್ತಾಗದವರು ಕಪ್ಲಿಂಗ್ ನೋಡಿ. ಐಸಿಎಫಿನಲ್ಲಿ ನಡುವೆ ತಿರುಪಿನ ಕೊಂಡಿ, ಎರಡೂ ಬದಿಗೆ ತಟ್ಟೆಯಂಥ ಬಫರ್. ಎಲ್‌ಎಚ್‌ಬಿಯಲ್ಲಿ ನಡುವೆ ಎರಡು ಮುಷ್ಟಿ ಹಿಡಿದ ಹಾಗೆ ಇರುವ ಸಿಬಿಸಿ ಅನ್ನುವ ಕಪ್ಲರ್, ಬದಿಯಲ್ಲಿ ಬಫರ್ ಇಲ್ಲ. ಬಣ್ಣ ನೋಡಿ ಹೇಳುವುದು ಈಗ ಆಗುವುದಿಲ್ಲ, ಐಸಿಎಫಿಗೂ ಬೇರೆ ಬೇರೆ ಬಣ್ಣ ಬಳಿದಿದ್ದಾರೆ.

ಶಿರಿಯದ ಹುಡುಗ
ಗೂಡ್ಸಿನದ್ದು ಹೇಳಿ. ಇವತ್ತು ಲೂಪಿನಲ್ಲಿ ನಿಂತ ಗಾಡಿಯ ಒಂದು ಮುಚ್ಚಿದ ವ್ಯಾಗನ್ನಿನ ಮೇಲೆ ಇದ್ದದ್ದು 31061245019. ಇದರಲ್ಲಿ ಎಂತ ಉಂಟು?

ಬದಿಯಡ್ಕ ಮಾಷ್ಟ್ರು
ಇದು ನನ್ನ ಇಷ್ಟದ ವಿಷಯ. ಹನ್ನೊಂದು ಅಂಕೆಯನ್ನು 2, 2, 2, 4, 1 ಅಂತ ಒಡೆದು ಬರೆ: 31 06 12 4501 9. ಮೊದಲ ಎರಡು ವ್ಯಾಗನ್ನಿನ ಜಾತಿ. 10ರಿಂದ 29 ತೆರೆದದ್ದು, 30ರಿಂದ 39 ಮುಚ್ಚಿದ್ದು, ಟ್ಯಾಂಕರ್ 40ರಿಂದ ಶುರು. ಆಮೇಲಿನ ಎರಡು ಯಾವ ರೈಲ್ವೆಯದ್ದು ಅಂತ, 06 ನಮ್ಮ ದಕ್ಷಿಣ ರೈಲ್ವೆ. ಆಮೇಲೆ ಕಟ್ಟಿದ ವರ್ಷ, 12 ಅಂದರೆ 2012. ನಾಲ್ಕಂಕಿ ಅದರದ್ದೇ ಕ್ರಮಸಂಖ್ಯೆ. ಕೊನೆಯದ್ದು ತಾಳೆ ನೋಡುವ ಅಂಕೆ.

ತಾಳೆ ಹೀಗೆ. ಎಡದಿಂದ ಎಣಿಸಿ 2, 4, 6, 8, 10ನೇ ಜಾಗದ ಅಂಕೆ ಕೂಡಿಸು, ಮೂರರಿಂದ ಗುಣಿಸು. ಅದಕ್ಕೆ 1, 3, 5, 7, 9ನೇ ಜಾಗದ್ದು ಸೇರಿಸು. ಬಂದದ್ದನ್ನು ಮುಂದಿನ ಹತ್ತಕ್ಕೆ ಏರಿಸಲಿಕ್ಕೆ ಎಷ್ಟು ಬೇಕೋ ಅದೇ ಕೊನೆಯ ಅಂಕೆ. ನಿನ್ನ ನಂಬ್ರಕ್ಕೆ ಮಾಡಿ ಹೇಳು.

ಶಿರಿಯದ ಹುಡುಗ
1+6+2+5+1 = 15, ಮೂರರಿಂದ ಗುಣಿಸಿದರೆ 45. 3+0+1+4+0 = 8. ಒಟ್ಟು 53. ಅರುವತ್ತಕ್ಕೆ 7 ಬೇಕು. ಆದರೆ ಕೊನೆಯದ್ದು 9 ಅಂತ ಬರೆದುಕೊಂಡಿದ್ದೇನೆ. ಪೈಂಟ್ ಮಾಡಿದವರದ್ದೇ ತಪ್ಪಾ?

ಬದಿಯಡ್ಕ ಮಾಷ್ಟ್ರು
ಪೈಂಟರ್‌ನನ್ನು ಬೈಯುವ ಮೊದಲು ನಿನ್ನ ನೋಟ್‌ಬುಕ್ ನೋಡು. ಎಲ್ಲೋ ಒಂದು ಅಂಕೆ ತಪ್ಪಿ ಓದಿದ್ದು. 9 ಸರಿ ಅಂತಿಟ್ಟರೆ ಒಟ್ಟು 1ರಲ್ಲಿ ಮುಗಿಯಬೇಕು. ಕೊನೆಯ 1 ನಿಜವಾಗಿ 7 ಆಗಿದ್ದರೆ? 1+6+2+5+7 = 21, 63, ಅದಕ್ಕೆ 8 ಸೇರಿದರೆ 71. ಎಂಬತ್ತಕ್ಕೆ 9. ಸರಿಯಾಯ್ತು. ಹಾಗಾದರೆ 4507.

ನೀಲೇಶ್ವರ ಲೋಕಲ್
ಅವಸರ ಬೇಡ ಮಾಷ್ಟ್ರೆ. 0 ನಿಜವಾಗಿ 8 ಆಗಿದ್ದರೂ ಲೆಕ್ಕ ಕೂರ್ತದೆ. 45 + 16 = 61, ಎಪ್ಪತ್ತಕ್ಕೆ 9. ಆಗ ಅದು 4581. ವರ್ಷದ 12 ನಿಜವಾಗಿ 18 ಆಗಿದ್ದರೂ ಕೂರ್ತದೆ, 63 + 8. ಮೂರೂ ಕಣ್ಣು ತಪ್ಪುವ ಅಂಕೆಗಳೇ.

ಬದಿಯಡ್ಕ ಮಾಷ್ಟ್ರು
ಹೌದು, ಒಪ್ಪಿದೆ. ತಪ್ಪು ಉಂಟು ಅಂತ ತಾಳೆ ಹೇಳ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಹುಡುಗ, ಫೋಟೊ ಉಂಟಾ? ನಂಬ್ರ ವ್ಯಾಗನ್ನಿನ ಎರಡೂ ಬದಿಗೆ ಇರ್ತದೆ.

ಶಿರಿಯದ ಹುಡುಗ
ಒಂದು ಬದಿಯದ್ದು ಉಂಟು, ಸಿಮೆಂಟ್ ಧೂಳು ಹಿಡಿದು ಸರಿ ಕಾಣುವುದಿಲ್ಲ. ಆಚೆ ಪ್ಲಾಟ್‌ಫಾರ್ಮಿನಲ್ಲಿದ್ದ ಗೆಳೆಯನ ಹತ್ತಿರ ಕೇಳ್ತೇನೆ.

ಡಬಲ್ ಹಳದಿ
ಅಷ್ಟರವರೆಗೆ ಸಿಗ್ನಲ್ ಹೇಳ್ತೇನೆ, ಯಾರೂ ಕೇಳದಿದ್ದರೂ. ಗಾಡಿ ಬರುವ ಮೊದಲೇ ಯಾವ ಲೈನಿಗೆ ಬರ್ತದೆ ಅಂತ ಹೋಮ್ ಸಿಗ್ನಲಿನಲ್ಲಿ (ಸ್ಟೇಶನ್ ಒಳಗೆ ಬಿಡುವ ಸಿಗ್ನಲ್) ಬರೆದಿರ್ತದೆ. ಒಂದೇ ಹಳದಿ, ಮೇಲೆ ಬಿಳಿ ದೀಪಗಳ ಓರೆ ಸಾಲು ಇಲ್ಲ: ಮೈನ್ ಲೈನು, ಸ್ಟಾರ್ಟರಿನಲ್ಲಿ (ಸ್ಟೇಶನ್ನಿನಿಂದ ಹೊರಡಿಸುವ ಸಿಗ್ನಲ್) ನಿಲ್ತದೆ. ಹಳದಿ ಮತ್ತು ಬಿಳಿ ಓರೆ ಸಾಲು: ಲೂಪಿಗೆ. ಆಗ ಹೋಮಿಗೂ ಮೊದಲು ಸಿಗುವ ಡಿಸ್ಟೆಂಟ್ ಸಿಗ್ನಲಿನಲ್ಲಿ ಎರಡು ಹಳದಿ ಇರ್ತದೆ. ಮುಂದೆ ವೇಗ ತಗ್ಗಿಸಿ ದಾಟಬೇಕು ಅಂತ ಲೋಕೋ ಪೈಲಟಿಗೆ ಮೊದಲೇ ಸೂಚನೆ. 1:12ರ ಪಾಯಿಂಟಿನ (ಹಳಿ ಕವಲೊಡೆಯುವ ಜಾಗ) ಮೇಲೆ ಸಾಮಾನ್ಯವಾಗಿ ಗಂಟೆಗೆ 30 ಕಿ.ಮೀ. ಹೋಮ್ ಹಸಿರು ಆದರೆ ನಿಲ್ಲದೆ ಹೋಗುವ ಗಾಡಿ ಇರಬಹುದು, ಹಳದಿ ಗೆರೆಯ ಹಿಂದೆ ಸರಿದು ನಿಲ್ಲಿ.

ಹೊರಡುವಾಗ ಸ್ಟಾರ್ಟರ್ ಹಳದಿ ಉಂಟಾ ಹಸಿರಾ ಅಂತ ಬರೆ. ಹಳದಿ ಆದರೆ ಅದರ ಮುಂದಿನ, ಸ್ಟೇಶನ್ನಿನ ಕೊನೆಯ ಸಿಗ್ನಲಾದ ಅಡ್ವಾನ್ಸ್ಡ್ ಸ್ಟಾರ್ಟರ್ ಇನ್ನೂ ಕೆಂಪು, ಮುಂದಿನ ಸ್ಟೇಶನ್ನಿನಿಂದ ಲೈನ್ ಸಿಕ್ಕಿಲ್ಲ ಅಂತ ಅರ್ಥ. ಗಾಡಿ ಹೊರಟೂ ಅಲ್ಲೇ ಮುಂದೆ ನಿಲ್ಲುವುದು ಅದಕ್ಕೆ. ಇಂಜಿನ್ ದಾಟಿದ ಕೂಡಲೇ ಸಿಗ್ನಲ್ ತಾನಾಗಿ ಕೆಂಪಿಗೆ ಹೋಗ್ತದೆ, ಹಾಗಾಗಿ ನೋಡುವುದು ದಾಟುವ ಮೊದಲು.

ಪಡುಗಡಲು
ವೇಗ ಹೇಗೆ ಬರೆಯುವುದು? ಜಿಪಿಎಸ್ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಸೊನ್ನೆ ತೋರಿಸ್ತದೆ.

ಬದಿಯಡ್ಕ ಮಾಷ್ಟ್ರು
ಡಬ್ಬಿಯ ಉದ್ದವೇ ಅಳತೆಕೋಲು. ಎಲ್‌ಎಚ್‌ಬಿ ಒಂದು ಡಬ್ಬಿ ಕಪ್ಲಿಂಗಿನಿಂದ ಕಪ್ಲಿಂಗಿಗೆ 24 ಮೀಟರ್. ಐಸಿಎಫ್ ಬಫರಿನಿಂದ ಬಫರಿಗೆ 22.3. ಒಂದು ಕಂಬಕ್ಕೆ ಕಣ್ಣಿಟ್ಟು ಹತ್ತು ಡಬ್ಬಿ ದಾಟಲಿಕ್ಕೆ ಎಷ್ಟು ಸೆಕೆಂಡ್ ಅಂತ ನೋಡು. ಎಲ್‌ಎಚ್‌ಬಿಗೆ 864ನ್ನು ಸೆಕೆಂಡಿನಿಂದ ಭಾಗಿಸು, ಐಸಿಎಫಿಗೆ 803ನ್ನು (ಹತ್ತು ಡಬ್ಬಿಯ ಮೀಟರನ್ನು 3.6ರಿಂದ ಗುಣಿಸಿದ್ದು), ಗಂಟೆಗೆ ಎಷ್ಟು ಕಿ.ಮೀ. ಅಂತ ಸಿಗ್ತದೆ. ಹತ್ತು ಎಲ್‌ಎಚ್‌ಬಿ ಡಬ್ಬಿಗೆ 9 ಸೆಕೆಂಡ್ ಆದರೆ 96 ಕಿ.ಮೀ. ಹದಿನಾರು ಡಬ್ಬಿಯ ವಂದೇ ಭಾರತ್ 384 ಮೀಟರ್, ಅಂದರೆ ಅದಕ್ಕೂ ಡಬ್ಬಿಗೆ 24ರದ್ದೇ ಲೆಕ್ಕ.

ಹೆಬ್ಬೆರಳಿನಲ್ಲಿ ಸ್ಟಾಪ್‌ವಾಚ್ ಒತ್ತಿದರೆ ಅರ್ಧ ಸೆಕೆಂಡ್ ಆಚೆ ಈಚೆ ಆಗ್ತದೆ. 8.5 ಅಂತಾದರೆ 102, 9.5 ಅಂತಾದರೆ 91. ಹತ್ತು ಹನ್ನೊಂದು ಕಿ.ಮೀ. ಅಲ್ಲೇ ಹೋಯ್ತು. ಮೊಬೈಲನ್ನು ಬೆಂಚಿಗೆ ಆನಿಸಿ ವೀಡಿಯೊ ಮಾಡಿ ಫ್ರೇಮ್ ಎಣಿಸಿದರೆ ಮಾತ್ರ ನಂಬುವ ಹಾಗಿರ್ತದೆ. ನಿಲ್ಲುವ ಗಾಡಿಗೆ ಈ ಲೆಕ್ಕ ಹಾಕಬೇಡ, ಮೊದಲ ಡಬ್ಬಿ ಕೊನೆ ಡಬ್ಬಿ ಒಂದೇ ವೇಗದಲ್ಲಿ ಇರುವುದಿಲ್ಲ.

ನೀಲೇಶ್ವರ ಲೋಕಲ್
ಗಾಡಿಯೊಳಗೆ ಕೂತಿದ್ದರೆ ಇನ್ನೂ ಸುಲಭ. ಕರೆಂಟಿನ ಕಂಬದ ಮೇಲೆ ಎರಡು ಅಂಕೆ: ಮೇಲಿನದ್ದು ಕಿಲೋಮೀಟರ್, ಕೆಳಗಿನದ್ದು ಆ ಕಿಲೋಮೀಟರಿನ ಎಷ್ಟನೇ ಕಂಬ. ಜೋಡಿ ಲೈನಿನಲ್ಲಿ ಒಂದು ಬದಿಗೆ ಸಮ, ಇನ್ನೊಂದು ಬದಿಗೆ ಬೆಸ. ಮೇಲಿನ ಅಂಕೆ ಬದಲಾದಲ್ಲಿಂದ ಮತ್ತೆ ಬದಲಾಗುವವರೆಗೆ ಸೆಕೆಂಡ್ ಎಣಿಸಿ, 3600ನ್ನು ಭಾಗಿಸಿ. 36 ಸೆಕೆಂಡ್ ಆದರೆ 100. ಕಂಬ ಎಣಿಸಿ ವೇಗ ಹೇಳಬೇಡಿ. ನೇರ ದಾರಿಯಲ್ಲಿ ಕಂಬದಿಂದ ಕಂಬಕ್ಕೆ 72 ಮೀಟರ್ ತನಕ ಇರಬಹುದು, ತಿರುವಿನಲ್ಲಿ ತುಂಬಾ ಹತ್ತಿರ. ಚಂದ್ರಗಿರಿ ಸೇತುವೆ ದಾಟಿ ಕಳನಾಡಿನ ಸುರಂಗದ ಕಡೆ ಹೋಗುವಾಗ ನೋಡಿದರೆ ಗೊತ್ತಾಗ್ತದೆ.

ಕ್ಯಾಮೆರಾ ಅಕ್ಕ
ಕಂಬದ ಮಾತು ಬಂತಲ್ಲ, ಒಂದು ಗಟ್ಟಿಯಾಗಿ ಹೇಳಬೇಕು. ಶೊರ್ನೂರು ಮಂಗಳೂರು ಲೈನಿಗೆ ಕರೆಂಟು ಬಂದು ವರ್ಷಗಳಾದವು, ಆದರೂ ಮೇಲೆ 25,000 ವೋಲ್ಟ್ ಉಂಟು ಅಂತ ಜನ ಮರೀತಾರೆ. ತಂತಿ ಮುಟ್ಟಬೇಕಂತ ಇಲ್ಲ, ಎರಡು ಮೀಟರಿಗಿಂತ ಹತ್ತಿರ ಹೋದರೇ ಅಪಾಯ. ಮೇಲ್ಸೇತುವೆಯ ಜಾಲರಿಯಿಂದ ಸೆಲ್ಫಿ ಕೋಲು ಹೊರಗೆ ಹಾಕುವುದು, ನಿಂತ ಟ್ಯಾಂಕರ್ ಹತ್ತಿ ಫೋಟೊ ತೆಗೆಯುವುದು, ಇವೆರಡನ್ನು ಯಾರು ಮಾಡಿದರೂ ಬೈದು ಇಳಿಸಿ.

ಉಪ್ಪಳ ಗೇಟು
ನಮ್ಮ ಕಡೆಯವರಿಗೆ ಇನ್ನೊಂದು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ. ಅದು ಬಿದಿರಿನ ಹಾಗಲ್ಲ, ಕರೆಂಟು ಹಾಯ್ತದೆ, ಅಲ್ಯೂಮಿನಿಯಂ ದೋಟಿಯೂ ಹಾಗೆಯೇ. ಗೇಟು ದಾಟುವಾಗ ಪೂರ್ತಿ ಮಡಚಿ ನೆಲಕ್ಕೆ ಸಮವಾಗಿ ಹಿಡಿದುಕೊಂಡು ಹೋಗಬೇಕು, ಹೆಗಲ ಮೇಲೆ ನೆಟ್ಟಗೆ ನಿಲ್ಲಿಸಿ ಅಲ್ಲ. ಗಾಳ ಹಾಕುವ ಕೋಲೂ ಅಷ್ಟೆ, ಹೊಳೆ ಸೇತುವೆ ಹತ್ತಿರ ತುಂಬ ಜನ ಹಿಡಿದುಕೊಂಡು ಓಡಾಡ್ತಾರೆ.

ಬದಿಯಡ್ಕ ಮಾಷ್ಟ್ರು
ಟಿಕೆಟಿನ ವಿಷಯವೂ ಹೇಳಿಬಿಡ್ತೇನೆ. ಪ್ಲಾಟ್‌ಫಾರ್ಮ್ ಟಿಕೆಟ್ ಹತ್ತು ರೂಪಾಯಿ, ಎರಡು ಗಂಟೆಗೆ ಮಾತ್ರ. ಮೊಬೈಲಿನಲ್ಲಿ ತೆಗೆಯುವುದಾದರೆ ಸ್ಟೇಶನ್ ಹೊರಗೇ ತೆಗೆಯಬೇಕು, ಒಳಗೆ ಹೋದ ಮೇಲೆ ಆ್ಯಪ್ ಕೊಡುವುದಿಲ್ಲ. ಪ್ಲಾಟ್‌ಫಾರ್ಮ್ ತುದಿಯ ಇಳಿಜಾರು ಇಳಿದು ಹಳಿಯ ಬದಿಯಲ್ಲಿ ನಿಂತರೆ ಆ ಟಿಕೆಟ್ ನಿಮ್ಮನ್ನು ಕಾಯುವುದಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಟ್ರೈಪಾಡ್ ತರುವ ಮೊದಲು ಸ್ಟೇಶನ್ ಮಾಸ್ಟರರಿಗೆ ಒಂದು ನಮಸ್ಕಾರ ಹಾಕಿ ಕೇಳಿದರೆ ಕಿರಿಕಿರಿ ಇಲ್ಲ.

ಪಡುಗಡಲು
ಹಾರ್ನಿನ ಅರ್ಥ ಯಾರಾದರೂ ಹೇಳಿ, ಮನೆಗೆ ಕೇಳ್ತಾ ಇರ್ತದೆ.

ಡಬಲ್ ಹಳದಿ
ಹೆಚ್ಚು ಕೇಳುವುದು ಉದ್ದಕ್ಕೆ ಒಂದೇ ಹಾರ್ನ್. ಗೇಟು ಬರುವ ಮೊದಲು ಹಳದಿ ಬೋರ್ಡಿನಲ್ಲಿ ಡಬ್ಲ್ಯೂ/ಎಲ್ ಅಂತ, ತಿರುವು, ಸುರಂಗದ ಮೊದಲು ಬರೇ ಡಬ್ಲ್ಯೂ ಅಂತ ಇರ್ತದೆ, ಅಲ್ಲಿಂದ. ಚಿಕ್ಕದು ಮೂರು ಸಲ: ಗಾರ್ಡ್ ಬ್ರೇಕ್ ಹಾಕಬೇಕು. ಚಿಕ್ಕದು ನಾಲ್ಕು: ಅಡಚಣೆಯೋ ಕೆಟ್ಟದ್ದೋ, ಗಾಡಿ ಮುಂದೆ ಹೋಗುವ ಹಾಗಿಲ್ಲ. ಬಿಟ್ಟು ಬಿಟ್ಟು ಚಿಕ್ಕದು ಬಾರಿಸ್ತಾ ಇದ್ದರೆ ಅಪಾಯದ ಸೂಚನೆ, ಹಳಿಯ ಹತ್ತಿರ ಇದ್ದವರು ದೂರ ಹೋಗಬೇಕು. ಹಾರ್ನ್ ಬರೆದುಕೊಳ್ಳುವುದಾದರೆ ಚಿಕ್ಕದಕ್ಕೆ ಸೊನ್ನೆ, ಉದ್ದಕ್ಕೆ ಗೀಟು ಹಾಕು. ನಿಯಮ ಪುಸ್ತಕದಲ್ಲೂ ಹಾಗೆಯೇ.

ನೀಲೇಶ್ವರ ಲೋಕಲ್
ಮಳೆಗಾಲಕ್ಕೆ ಪುಟದ ತಲೆಯಲ್ಲಿ "ಮಳೆ ಟೈಮ್‌ಟೇಬಲ್" ಅಂತ ಬರೆ ಹುಡುಗ. ಕೊಂಕಣ ದಾರಿಯಲ್ಲಿ ಜೂನ್ 10ರಿಂದ ಅಕ್ಟೋಬರ್ 31 ಅಂತ ರೂಢಿ ಇತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ತಂದರು. ಗುಡ್ಡ ಕುಸಿಯುವ ಜಾಗಗಳಲ್ಲಿ ವೇಗ ಇಳಿಸ್ತಾರೆ, ಹಾಗಾಗಿ ನೇತ್ರಾವತಿ, ಮಂಗಳಾ ನಮ್ಮಲ್ಲಿಗೆ ಬರುವ ಹೊತ್ತೇ ಬೇರೆ. ಮಂಗಳೂರಿನಲ್ಲೇ ಹುಟ್ಟಿ ತೆಂಕಕ್ಕೆ ಹೋಗುವ ಮಾವೇಲಿ, ಮಲಬಾರ್‌ಗೆ ಕೊಂಕಣದ ಸಂಬಂಧ ಇಲ್ಲ. ಈ ಎರಡು ಗುಂಪನ್ನು ಬೆರೆಸಿ "ಜುಲೈಯಲ್ಲಿ ಎಲ್ಲ ಗಾಡಿ ತಡ" ಅಂತ ಬರೆದರೆ ತಪ್ಪು ಲೆಕ್ಕ.

ಪಡುಗಡಲು
ಲಾರಿ ಹೊತ್ತುಕೊಂಡು ಹೋಗುವ ರೈಲು ಕುಂಬಳೆಗೆ ಬರ್ತದಾ? ಮಕ್ಕಳು ಕೇಳ್ತಾ ಇದ್ದಾರೆ.

ನೀಲೇಶ್ವರ ಲೋಕಲ್
ಇಲ್ಲ. ಆ ರೋರೋ ಕೊಂಕಣ ರೈಲ್ವೆಯದ್ದು, 1999ರಲ್ಲಿ ಶುರುವಾದದ್ದು. ಸುರತ್ಕಲ್‌ನಿಂದ ಬಡಗಕ್ಕೆ ಕೋಲಾಡದ ಕಡೆ. ಮಕ್ಕಳನ್ನು ಸುರತ್ಕಲ್‌ಗೆ ಕರ್ಕೊಂಡು ಹೋಗಿ.

ಶಿರಿಯದ ಹುಡುಗ
ಮಾಷ್ಟ್ರೆ, ಗೆಳೆಯನ ಫೋಟೊ ಬಂತು. ಆಚೆ ಬದಿ ಚೊಕ್ಕ ಉಂಟು. ಕೊನೆಯದ್ದು 7. ಈಚೆ ಬದಿಯಲ್ಲಿ ಮೇಲಿನ ಗೀಟು ಧೂಳಿನಲ್ಲಿ ಮುಚ್ಚಿಹೋಗಿ 1ರ ಹಾಗೆ ಕಂಡದ್ದು. ವರ್ಷ 12ವೇ.

ಬದಿಯಡ್ಕ ಮಾಷ್ಟ್ರು
ನೋಡಿದಿರಾ. 31 06 12 4507 9.

ನೀಲೇಶ್ವರ ಲೋಕಲ್
ಒಂದು ತರ್ಲೆ ಪ್ರಶ್ನೆ. ಬರೆಯುವಾಗ 4057 ಅಂತ ಅದಲುಬದಲು ಆದರೆ ತಾಳೆಯಲ್ಲಿ ಸಿಕ್ಕಿಬೀಳ್ತದಾ?

ಬದಿಯಡ್ಕ ಮಾಷ್ಟ್ರು
ಬೀಳುವುದಿಲ್ಲ! 1+6+2+0+7 = 16, 48. 3+0+1+4+5 = 13. ಒಟ್ಟು 61, ಪುನಃ 9. ಅಕ್ಕಪಕ್ಕದ ಅಂಕೆಗಳ ವ್ಯತ್ಯಾಸ ಸರಿಯಾಗಿ 5 ಇದ್ದರೆ ಅದಲುಬದಲು ಹಿಡಿಯಲಿಕ್ಕೆ ಆಗುವುದಿಲ್ಲ, ಒಂದು ಬದಿಗೆ ಮೂರು ಪಟ್ಟು ಇನ್ನೊಂದು ಬದಿಗೆ ಒಂದು ಪಟ್ಟು ಆದ ಕಾರಣ ಹೆಚ್ಚುಕಡಿಮೆ ಆಗುವುದು ಹತ್ತೇ. ಅಕ್ಕಪಕ್ಕದ ಅಂಕೆಗಳ ಬೇರೆ ಯಾವ ಅದಲುಬದಲಾದರೂ ಸಿಕ್ಕಿಬೀಳ್ತದೆ.

ಶಿರಿಯದ ಹುಡುಗ
ಹಾಗಾದರೆ ಈಗ 4507 ಅಂತ ಬರೆಯಲಾ, 4057 ಅಂತಲಾ?

ಕ್ಯಾಮೆರಾ ಅಕ್ಕ
ಫೋಟೊದಲ್ಲಿ ಹೇಗುಂಟೋ ಹಾಗೆ ಬರಿ ಮಾರಾಯ.